ಶಾಲೆಗೆ ಬೀಗ ಬಿದ್ದಾಗ ಪಾಠ ಯಾವ ದಾರಿ ಹಿಡಿಯಬೇಕು: ಬಾಗಲಕೋಟೆ ಕಡೆಯ ಶಾಲೆಗಳಿಗೊಂದು ಹೋಲಿಕೆ

"ಮೊಬೈಲ್ ಐತ್ರಿ ಸರ್. ಆದ್ರ ಅದು ಅಪ್ಪನ ಕಿಸೇದಾಗ ಐತ್ರಿ. ಅಪ್ಪ ಇಟ್ಟಂಗಿ ಭಟ್ಟಿಗೆ ಹೋಗ್ಯಾನ್ರಿ."

2020ರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ಮನೆಯ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ ಮಾತಿದು. ನಾನು ಓಣಿ ಓಣಿ ತಿರುಗಿ 'ಮನೆಯಲ್ಲಿ ಮೊಬೈಲ್ ಇದೆಯೇ' ಎಂಬ ನಮೂನೆ ತುಂಬುತ್ತಿದ್ದೆ. ಅವನ ಹೆಸರಿನ ಮುಂದೆ 'ಹೌದು' ಎಂದು ಬರೆದೆ. ಹೆಚ್ಚುಕಡಿಮೆ ಎಲ್ಲರ ಮುಂದೆಯೂ ಹೌದೇ ಇತ್ತು. ಆ ಹಾಳೆ ನೋಡಿದವರಿಗೆ ನಮ್ಮ ಶಾಲೆ ಆನ್‌ಲೈನ್ ಪಾಠಕ್ಕೆ ತಯಾರಾಗಿ ನಿಂತಂತೆ ಕಾಣುತ್ತಿತ್ತು. ಮುಂದಿನ ವಾರ ಮುಂಜಾನೆ ಹತ್ತಕ್ಕೆ ಗೂಗಲ್ ಮೀಟ್ ತೆರೆದು ಕೂತೆ. ಬಂದವರು ಕೈಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬಳ ಕಡೆಯಿಂದ ಕೋಳಿ ಕೂಗಿದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಘಟಪ್ರಭೆಯ ದಂಡೆಯ ಮುಧೋಳ ಕಡೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು ನಾನು. 2019ರ ಆಗಸ್ಟಿನಲ್ಲಿ ಹೊಳೆ ಬಂತು, ಮುಂದಿನ ವರ್ಷ ಕೊರೋನಾ ಬಂತು. ಆಮೇಲೂ ಹೊಳೆ ಬರುವುದು ನಿಂತಿಲ್ಲ. ಈ ನಡುವೆ ದೂರದಿಂದ ಪಾಠ ಮಾಡುವ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದ್ದೇವೆ. ಕೆಲವು ದಡ ಸೇರಿದವು, ಕೆಲವು ನಡುನೀರಲ್ಲಿ ಬಿಟ್ಟವು. ಮುಖ್ಯೋಪಾಧ್ಯಾಯರು, ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು), ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಯೋಜನೆ ಮಾಡಲು ಕೂತಾಗ ಕೈಗೆ ಸಿಗಲಿ ಎಂದು ಆ ದಾರಿಗಳನ್ನು ಪಕ್ಕಪಕ್ಕ ಇಟ್ಟು ಬರೆದಿದ್ದೇನೆ.

ಯಾವ ದಾರಿ ಆಯ್ದುಕೊಳ್ಳುವ ಮೊದಲೂ ಆ ನಮೂನೆಯ ಪ್ರಶ್ನೆ ಬದಲಾಗಬೇಕು. ಮೊಬೈಲ್ ಇದೆಯೇ ಎಂದು ಕೇಳಬೇಡಿ. ಮೊಬೈಲು ಯಾರದು, ಯಾವ ಹೊತ್ತಿಗೆ ಮನೆಯಲ್ಲಿರುತ್ತದೆ, ಅದರ ಮೇಲೆ ಎಷ್ಟು ಮಕ್ಕಳ ಕಣ್ಣಿದೆ, ರೀಚಾರ್ಜ್ ಯಾರು ಮಾಡಿಸುತ್ತಾರೆ ಎಂದು ಕೇಳಿ. ನಮ್ಮ ಭಾಗದಲ್ಲಿ ಉತ್ತರ ಬಹಳ ಕಡೆ ಒಂದೇ: ಮುಂಜಾನೆ ಏಳರವರೆಗೆ ಮನೆಯಲ್ಲಿ, ಆಮೇಲೆ ಹೊಲದಲ್ಲೋ ಭಟ್ಟಿಯಲ್ಲೋ, ಮತ್ತೆ ರಾತ್ರಿ ಏಳರ ನಂತರ ಮನೆಯಲ್ಲಿ. ಶಾಲೆಯ ಗಂಟೆಗೂ ಮೊಬೈಲಿನ ಗಂಟೆಗೂ ತಾಳೆಯಾಗುವುದೇ ಇಲ್ಲ. ಮುಂದೆ ಬರುವ ಪ್ರತಿ ದಾರಿಯನ್ನೂ ನಾನು ಇದೇ ತಕ್ಕಡಿಯಲ್ಲಿಟ್ಟು ತೂಗಿದ್ದೇನೆ.

ಮೂರು ದಿನದ ರಜೆಗೆ ಯೋಜನೆ ಬೇಡ

ಜಿಲ್ಲಾಧಿಕಾರಿಗಳು ಮಳೆಗೆ ಎರಡು ದಿನ ರಜೆ ಕೊಟ್ಟರೆ ಆ ಎರಡು ದಿನ ಮಕ್ಕಳು ಮನೆಯಲ್ಲಿರಲಿ. ಶನಿವಾರ ಮಧ್ಯಾಹ್ನವೋ ಭಾನುವಾರವೋ ಶಾಲೆ ನಡೆಸಿ ಸರಿದೂಗಿಸಿದರೆ ಆಯಿತು. ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ ಹಾಗೂ 800 ಗಂಟೆ, ಆರರಿಂದ ಎಂಟಕ್ಕೆ 220 ದಿನ ಹಾಗೂ 1000 ಗಂಟೆ ಪಾಠ ಆಗಬೇಕೆನ್ನುತ್ತದೆ. ಎರಡು ಮೂರು ದಿನದ ಕೊರತೆಯನ್ನು ತುಂಬಲು ಶನಿವಾರಗಳೇ ಸಾಕು. ಅಷ್ಟಕ್ಕಾಗಿ ಲಿಂಕ್ ಕಳಿಸಿ, ಹಾಜರಿಯ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮೇಲಧಿಕಾರಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ 'ಪಾಠ ನಡೆದಿದೆ' ಎಂದು ತೋರಿಸುವುದರಲ್ಲಿ ಶಿಕ್ಷಕರ ದಿನ ಹೋಗುತ್ತದೆ, ಮಕ್ಕಳಿಗೆ ಏನೂ ಸಿಗುವುದಿಲ್ಲ. ಒಂದು ವಾರ ದಾಟುವ ಸೂಚನೆ ಕಂಡರೆ ಮಾತ್ರ ಮುಂದಿನದನ್ನು ಯೋಚಿಸಿ.

ನೇರ ವಿಡಿಯೊ ಪಾಠವೋ, ರೆಕಾರ್ಡ್ ಮಾಡಿದ್ದೋ?

ಯೋಜನೆ ಎಂದ ಕೂಡಲೇ ಎಲ್ಲರ ಬಾಯಲ್ಲಿ ಮೊದಲು ಬರುವುದು ನೇರ ಪಾಠ. ನಮ್ಮಲ್ಲಿ ಮೊದಲು ಸೋಲುವುದೂ ಅದೇ.

ಒಂದು ಲೆಕ್ಕ ಹಾಕಿ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 'ಪ್ರಗ್ಯಾತಾ' ಮಾರ್ಗಸೂಚಿಯ ಪ್ರಕಾರ ಒಂದರಿಂದ ಎಂಟನೆಯ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ, ಒಂಬತ್ತರಿಂದ ಹನ್ನೆರಡರವರಿಗೆ ಅಂಥವೇ ನಾಲ್ಕು ಅವಧಿ. ಇದಕ್ಕಿಂತ ಹೆಚ್ಚು ಬೇಡ ಎಂಬುದು ಮಾರ್ಗಸೂಚಿಯ ಮಾತು, ಒಳ್ಳೆಯ ಮಾತೇ. ಈಗ ಒಂದೇ ಮೊಬೈಲಿನ ಮನೆಯೊಂದನ್ನು ಎದುರಿಗಿಟ್ಟುಕೊಳ್ಳಿ. ಅಕ್ಕ ಒಂಬತ್ತನೆಯ ತರಗತಿ, ತಮ್ಮ ಆರನೆಯ ತರಗತಿ. ಮಿತಿಯ ತುದಿ ಮುಟ್ಟಿದರೆ ಅಕ್ಕನಿಗೆ ಮೂರು ಗಂಟೆ, ತಮ್ಮನಿಗೆ ಒಂದೂವರೆ ಗಂಟೆ. ಒಟ್ಟು ನಾಲ್ಕೂವರೆ ಗಂಟೆ ಅಪ್ಪ ತನ್ನ ಮೊಬೈಲ್ ಬಿಟ್ಟು ಹೊಲಕ್ಕೆ ಹೋಗಬೇಕು. ವಿಡಿಯೊ ಚೆನ್ನಾಗಿ ಕಾಣಬೇಕಾದರೆ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿ ಹೋಗುತ್ತದೆ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಅಕ್ಕನ ಎರಡನೆಯ ಪಾಠದಲ್ಲೇ ಮುಗಿಯುತ್ತದೆ. ತಮ್ಮನ ಪಾಳಿ ಬರುವಷ್ಟರಲ್ಲಿ ಪರದೆಯ ಮೇಲೆ ತಿರುಗುವ ಚಕ್ರ ಒಂದೇ ಉಳಿದಿರುತ್ತದೆ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ನಗರದೊಳಗಿನ ಶಾಲೆಗಳಿಗೆ ಈ ಲೆಕ್ಕ ಬೇರೆಯಾಗಬಹುದು. ಮನೆಗೆ ವೈಫೈ ಇದ್ದು, ಎರಡು ಮೂರು ಮೊಬೈಲ್ ಇರುವಲ್ಲಿ, ಅದರಲ್ಲೂ ಹತ್ತನೆಯ ತರಗತಿಯ ಸಂಶಯ ಬಿಡಿಸಲು ನೇರ ಪಾಠದಷ್ಟು ಒಳ್ಳೆಯದು ಮತ್ತೊಂದಿಲ್ಲ. ಮಗು ಕೇಳಿದ ಕೂಡಲೇ ಉತ್ತರ ಸಿಗುತ್ತದೆ. ಹಳ್ಳಿಯಲ್ಲೂ ಅದನ್ನು ಪೂರ್ತಿ ಕೈಬಿಡಬೇಕಿಲ್ಲ. ವಾರಕ್ಕೆರಡು ಸಲ, ರಾತ್ರಿ ಎಂಟಕ್ಕೆ, ಅರ್ಧ ಗಂಟೆ, ಕ್ಯಾಮೆರಾ ಬಂದ್ ಮಾಡಿ ಬರೀ ದನಿಯಲ್ಲಿ ಮಾಡಿದರೆ ಡೇಟಾ ಉಳಿಯುತ್ತದೆ, ಮೊಬೈಲೂ ಮನೆಯಲ್ಲಿರುತ್ತದೆ. ಹಾಗೆ ಮಾಡಿದ ಮೇಲೆ ನನ್ನ ಕ್ಲಾಸಿಗೆ ಬರುವವರು ಹೆಚ್ಚಾದರು. ಶಿಕ್ಷಕರ ಸ್ವಂತ ರಾತ್ರಿ ಹೋಗುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಮನೆಯಲ್ಲಿ ಸಣ್ಣ ಮಕ್ಕಳಿರುವ ಅಕ್ಕೋರಿಗೆ (ಶಿಕ್ಷಕಿಯರಿಗೆ) ರಾತ್ರಿ ಎಂಟರ ಪಾಠ ಎಂದರೆ ಏನೆಂದು ಯೋಜನೆ ಬರೆಯುವ ಗಂಡಸರು ಒಮ್ಮೆ ಯೋಚಿಸಲಿ. ರಾತ್ರಿ ಪಾಠ ಮಾಡಿದವರಿಗೆ ಮರುದಿನ ತಡವಾಗಿ ಬರುವ ಅವಕಾಶವನ್ನು ಆ ಯೋಜನೆಯಲ್ಲೇ ಬರೆಯಲಿ.

ರೆಕಾರ್ಡ್ ಮಾಡಿದ ಪಾಠದ ದೊಡ್ಡ ಅನುಕೂಲವೆಂದರೆ ಅದು ಮೊಬೈಲಿಗಾಗಿ ಕಾಯುತ್ತದೆ. ಅಪ್ಪ ರಾತ್ರಿ ಬಂದ ಮೇಲೆ ನೋಡಬಹುದು, ತಿಳಿಯದಿದ್ದರೆ ಹಿಂದಕ್ಕೆ ಜರುಗಿಸಿ ಮತ್ತೆ ನೋಡಬಹುದು. ಎಂಟು ಹತ್ತು ನಿಮಿಷ ದಾಟಬಾರದು. ಕಪ್ಪು ಹಲಗೆಯ ಮೇಲೆ ಬರೆಯುತ್ತ ಹೇಳುವುದೇ ಸಾಕು, ಹಿಂದೆ ಸಂಗೀತ ಬೇಡ. ಶಿಕ್ಷಕರ ಮುಖ ಮತ್ತು ದನಿ ಪರಿಚಯದ್ದಾಗಿದ್ದರೆ ಮಕ್ಕಳು ಕೊನೆಯವರೆಗೆ ನೋಡುತ್ತಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠ ತೆರೆಯುತ್ತದೆ, ಅದನ್ನು ಒಮ್ಮೆ ಇಳಿಸಿಟ್ಟರೆ ಆಮೇಲೆ ನೆಟ್‌ವರ್ಕ್ ಬೇಕಿಲ್ಲ. ನಾವು ಶಾಲೆ ತೆರೆದಿದ್ದಾಗಲೇ ಮಕ್ಕಳಿಗೆ ಇದನ್ನು ಕಲಿಸಿಡದೆ ಬಾಗಿಲು ಹಾಕಿದ ಮೇಲೆ ಫೋನಿನಲ್ಲಿ 'ಆ ಚೌಕ ಐತಲ್ಲ, ಅದಕ್ಕ ಕ್ಯಾಮೆರಾ ಹಿಡಿ' ಎಂದು ಒದರಾಡಿದೆವು. ಜೂನಿನಲ್ಲಿ ಒಂದು ಪಿರಿಯಡ್ ಇದಕ್ಕೆ ಕೊಡಿ. ಒಂದು ಕೊರತೆ ಮಾತ್ರ ಉಳಿಯುತ್ತದೆ: ವಾಟ್ಸ್‌ಆ್ಯಪಿನ ಎರಡು ನೀಲಿ ಗೆರೆ ಮೊಬೈಲು ತೆರೆಯಿತು ಎನ್ನುತ್ತದೆ, ಮಗು ಕಲಿಯಿತು ಎನ್ನುವುದಿಲ್ಲ.

ಟಿವಿ ಮತ್ತು ರೇಡಿಯೊ

2020ರ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು, ಮೊದಲು ಎಂಟರಿಂದ ಹತ್ತನೆಯ ತರಗತಿಗೆ. ಮೊಬೈಲಿಲ್ಲದ ಮನೆಯಲ್ಲೂ ಟಿವಿ ಇರುವುದರಿಂದ ಅದು ದೂರ ಮುಟ್ಟಿತು, ಪಾಠಗಳೂ ಚೆನ್ನಾಗಿದ್ದವು. ಆದರೆ ಟಿವಿಗೆ ನಿಮ್ಮೂರಿನ ಕರೆಂಟು ಹೋಗಿದ್ದು ಗೊತ್ತಾಗುವುದಿಲ್ಲ. ಪ್ರಸಾರದ ಹೊತ್ತಿಗೆ ಹೆಸ್ಕಾಂನವರು ಲೈನ್ ತೆಗೆದರೆ ಆ ಪಾಠ ಹೋದಂತೆಯೇ. ಇನ್ನೊಂದು ಮಾತು: ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ, ಬೆಳಗಾವಿಯ ಗಡಿಭಾಗದಲ್ಲಿ ಮರಾಠಿ ಮಾಧ್ಯಮದವು ಬಹಳ. ಕನ್ನಡದಲ್ಲಿ ಬರುವ ಪಾಠವನ್ನೇ ನಂಬಿ ಇಡೀ ಜಿಲ್ಲೆಯ ಯೋಜನೆ ಬರೆದರೆ ಖಾನಾಪುರದ ಮರಾಠಿ ಶಾಲೆಯ ಮಗು ಲೆಕ್ಕದಿಂದಲೇ ಹೊರಗುಳಿಯುತ್ತದೆ. ರೇಡಿಯೊ ಕೇಳುವ ರೂಢಿ ಮನೆಗಳಲ್ಲಿ ಹೋಗಿಬಿಟ್ಟಿದೆ, ಶಾಲೆಯಲ್ಲಿ ಕೂಡಿಸಿ 'ಕೇಳಿ ಕಲಿ' ರೇಡಿಯೊ ಪಾಠ ಕೇಳಿಸುವುದು ಬೇರೆ ಮಾತು. ಟಿವಿ, ರೇಡಿಯೊ ಎರಡನ್ನೂ ಉಪ್ಪಿನಕಾಯಿಯ ಹಾಗೆ ಬಳಸಿ, ಊಟ ಬೇರೆ ಇರಲಿ.

ಹಾಳೆ ಮತ್ತು ಕರೆ

ಇದನ್ನು ಯಾರೂ ತರಬೇತಿಯಲ್ಲಿ ಹೇಳುವುದಿಲ್ಲ, ಇದರಲ್ಲಿ ಫೋಟೊ ತೆಗೆಯುವಂಥದ್ದು ಏನೂ ಇಲ್ಲ. ನನ್ನನ್ನು ಕೇಳಿದರೆ ಹಳ್ಳಿಯ ಶಾಲೆಗೆ ಇದೇ ಬೆನ್ನೆಲುಬು.

ವಾರಕ್ಕೊಮ್ಮೆ ಪ್ರತಿ ಮಗುವಿಗೆ ಐದು ವಿಷಯಕ್ಕೆ ಎರಡೆರಡರಂತೆ ಹತ್ತು ಹಾಳೆ. ನಲವತ್ತು ಮಕ್ಕಳ ತರಗತಿಗೆ ನಾನೂರು ಹಾಳೆ. ಝೆರಾಕ್ಸ್ ಅಂಗಡಿಯಲ್ಲಿ ಒಂದಕ್ಕೆ ಒಂದು ರೂಪಾಯಿ ಹಿಡಿದರೆ ನಾನೂರು ರೂಪಾಯಿ, ಎರಡು ಹಿಡಿದರೆ ಎಂಟುನೂರು. ಇದು ಒಂದು ತರಗತಿಯ ಒಂದು ವಾರದ ಖರ್ಚು, ಶಾಲಾ ಅನುದಾನದಲ್ಲಿ ಮೊದಲೇ ತೆಗೆದಿಡದಿದ್ದರೆ ಮಾಸ್ತರರ ಕಿಸೆಗೇ ಬರುತ್ತದೆ. ನಮಗೆ ಬಂತು. ಎರಡನೆಯ ತಿಂಗಳಿನಿಂದ ನಾವು ಹಾಳೆಯ ಸಂಖ್ಯೆ ಅರ್ಧ ಮಾಡಿ, 'ಪುಸ್ತಕದ ಇಂಥ ಪುಟದ ಮೂರನೆಯ ಲೆಕ್ಕ ನೋಡಿ, ಕೆಳಗಿನದನ್ನು ಮಾಡಿ' ಎಂದು ಪಠ್ಯಪುಸ್ತಕಕ್ಕೇ ಕೊಂಡಿ ಹಾಕಿದೆವು. ಹಾಳೆ ಕಡಿಮೆಯಾಯಿತು, ಮಕ್ಕಳು ಪುಸ್ತಕ ತೆರೆದರು. ಮೊದಲೇ ಹಾಗೆ ಮಾಡಬೇಕಿತ್ತು.

ಹಾಳೆ ಹಂಚುವ ಜಾಗ ಶಾಲೆಯೇ ಆಗಬೇಕಿಲ್ಲ. ರೇಷನ್ ಅಂಗಡಿ, ಹಾಲಿನ ಡೇರಿ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಇವೆಲ್ಲ ಜನ ಹೇಗೂ ಬರುವ ಜಾಗಗಳು. ಗ್ರಂಥಾಲಯಗಳನ್ನಂತೂ ಮರೆಯಬೇಡಿ. 2020ರ ನವೆಂಬರ್ 14ರಂದು 'ಓದುವ ಬೆಳಕು' ಅಭಿಯಾನ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಈಗ ಅರಿವು ಕೇಂದ್ರ ಎಂದು ಕರೆಸಿಕೊಳ್ಳುವ ಇವುಗಳಲ್ಲಿ ಬಹಳ ಕಡೆ ಕಂಪ್ಯೂಟರು, ಟಿವಿ, ಇಂಟರ್ನೆಟ್ ಬಂದಿವೆ. ಮೊಬೈಲಿಲ್ಲದ ಐದಾರು ಮಕ್ಕಳಿಗೆ ರೆಕಾರ್ಡ್ ಪಾಠ ತೋರಿಸಲು ಇದಕ್ಕಿಂತ ಹತ್ತಿರದ ಜಾಗ ಹಳ್ಳಿಯಲ್ಲಿಲ್ಲ. ಗ್ರಂಥಾಲಯದ ಮೇಲ್ವಿಚಾರಕರ ಜೊತೆ ಮೊದಲೇ ಮಾತಾಡಿ ಹೊತ್ತು ಗೊತ್ತು ಮಾಡಿಕೊಳ್ಳಿ. ಅವರ ಕೆಲಸದ ಅವಧಿಯೂ ಸೀಮಿತ, ಅವರಿಗೂ ಒಂದು ಮನೆಯಿದೆ.

ಇನ್ನು ಕರೆ. ಸಾದಾ ಕರೆ, ಕೀಪ್ಯಾಡ್ ಮೊಬೈಲಿಗೂ ಹೋಗುವಂಥದ್ದು. ಮಗುವಿಗೆ ಒಂದು ಪ್ಯಾರಾ ಓದು ಎನ್ನುವುದು, ಒಂದು ಲೆಕ್ಕ ಬಾಯಲ್ಲಿ ಬಿಡಿಸು ಎನ್ನುವುದು, 'ಎಲ್ಲಿ ತೊಡಕಾತು?' ಎಂದು ಕೇಳುವುದು. ಮೂರು ನಿಮಿಷ ಸಾಕು. ನಲವತ್ತು ಮಕ್ಕಳಿಗೆ ಎರಡು ಗಂಟೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಎಂಟು ಮಕ್ಕಳು, ಇಪ್ಪತ್ತನಾಲ್ಕು ನಿಮಿಷ. ನೇರ ವಿಡಿಯೊ ಪಾಠದಲ್ಲಿ ಒಂದು ವಾರ ಕಳೆದರೂ ಬಾಯಿ ಬಿಡದ ಹುಡುಗಿ ಮೂರು ನಿಮಿಷದ ಕರೆಯಲ್ಲಿ 'ಸರ್, ಋಣ ಸಂಖ್ಯೆ ಕಳೆಯೋದು ನನಗ ಆರನೇತ್ತಿಂದ್ಲೂ ಬಂದೇ ಇಲ್ರಿ' ಎಂದಳು. ತರಗತಿಯಲ್ಲಿ ಎಲ್ಲರೆದುರು ಅವಳು ಅದನ್ನು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಶಾಲೆ ತೆರೆದ ಮೇಲೂ ನಾನು ಈ ಕರೆಗಳನ್ನು ಪೂರ್ತಿ ಬಿಟ್ಟಿಲ್ಲ. ಹತ್ತನೆಯವರ ಪರೀಕ್ಷೆ ಹತ್ತಿರ ಬಂದಾಗ ನಮ್ಮ ಕಡೆ ಬಹಳ ಮಾಸ್ತರರು ನಸುಕಿನ ಐದಕ್ಕೆ ಫೋನ್ ಹಚ್ಚಿ ಮಕ್ಕಳನ್ನು ಎಬ್ಬಿಸುತ್ತಾರಲ್ಲ, ಅದೂ ಇದೇ ಲೆಕ್ಕ: ಆ ಹೊತ್ತಿಗೆ ಮೊಬೈಲ್ ಮನೆಯಲ್ಲಿ, ಮಗುವಿನ ತಲೆದಿಂಬಿನ ಹತ್ತಿರ ಇರುತ್ತದೆ.

ಹಾಳೆ ಮತ್ತು ಕರೆ ಎಲ್ಲಿ ಸೋಲುತ್ತದೆ? ಹೊಸ ಪರಿಕಲ್ಪನೆ ಕಲಿಸುವಲ್ಲಿ. ಕಲಿತದ್ದನ್ನು ಗಟ್ಟಿ ಮಾಡಲು ಹಾಳೆ ಒಳ್ಳೆಯದು, ತ್ರಿಕೋನಮಿತಿಯನ್ನು ಮೊದಲ ಸಲ ಹಾಳೆಯ ಮೇಲೆ ಕಲಿ ಎಂದರೆ ಆಗದು. ಅದಕ್ಕೆ ರೆಕಾರ್ಡ್ ಪಾಠ ಜೊತೆಗಿರಬೇಕು.

ಮಕ್ಕಳಿದ್ದಲ್ಲಿಗೆ ಮಾಸ್ತರು

2020ರ ಆಗಸ್ಟಿನಲ್ಲಿ ಬಂದ ರಾಜ್ಯ ಸರ್ಕಾರದ 'ವಿದ್ಯಾಗಮ' ಕಾರ್ಯಕ್ರಮ ಮಕ್ಕಳನ್ನು ಮೂರು ಗುಂಪು ಮಾಡಿತ್ತು: ಯಾವ ಸಾಧನವೂ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲ್ ಇದ್ದವರು, ಸ್ಮಾರ್ಟ್ ಫೋನ್ ಅಥವಾ ಕಂಪ್ಯೂಟರ್ ಇದ್ದವರು. ಆ ವಿಂಗಡಣೆ ಇಂದಿಗೂ ಬಳಸುವಂಥದ್ದು. ನಾವು ಹನುಮಪ್ಪನ ಗುಡಿಯ ಪೌಳಿಯಲ್ಲಿ, ಸಮುದಾಯ ಭವನದಲ್ಲಿ, ಒಂದು ಕಡೆ ಬೇವಿನ ಗಿಡದ ಕೆಳಗೆ ಕೂತು ಪಾಠ ಮಾಡಿದೆವು. ಸಣ್ಣ ಗುಂಪು, ಓಣಿಯ ಮಕ್ಕಳೇ ಇದ್ದುದರಿಂದ ನಾಚಿಕೆ ಕಡಿಮೆ. ಹೊಲಕ್ಕೆ ಹೊರಟ ಅವ್ವಂದಿರು ಬಾಗಿಲಲ್ಲಿ ನಿಂತು ಮಗ ಏನು ಓದುತ್ತಾನೆಂದು ನೋಡಿದರು. ಕಲಿಕೆಯ ದೃಷ್ಟಿಯಿಂದ ಆ ಎರಡು ತಿಂಗಳು ನನ್ನ ನೌಕರಿಯ ಒಳ್ಳೆಯ ತಿಂಗಳುಗಳಲ್ಲಿ ಸೇರುತ್ತವೆ. ಆದರೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲತೊಡಗಿ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲೇ ಬೇರೆ ರೂಪದಲ್ಲಿ ಮತ್ತೆ ನಡೆಯಿತು.

ಹಾಗಾಗಿ ಆಯ್ಕೆಯ ಸೂತ್ರ ಸರಳ. ರೋಗದಿಂದ ಶಾಲೆ ಮುಚ್ಚಿದ್ದರೆ ಈ ದಾರಿ ಅಪಾಯದ್ದು, ತಜ್ಞರ ಒಪ್ಪಿಗೆಯಿಲ್ಲದೆ ಬೇಡ. ಹೊಳೆಯಿಂದ, ಕಟ್ಟಡ ಸೋರುವುದರಿಂದ, ಶಾಲೆಯೇ ನೆರೆ ಸಂತ್ರಸ್ತರ ಕಾಳಜಿ ಕೇಂದ್ರವಾದುದರಿಂದ ಮುಚ್ಚಿದ್ದರೆ ಇದೇ ಮೊದಲ ಆಯ್ಕೆ. ಒಂದರಿಂದ ಮೂರನೆಯವರಿಗಂತೂ ಬೇರೆ ದಾರಿಯೇ ಇಲ್ಲ. ಆಡುತ್ತ ಕಲಿಯುವ ನಲಿಕಲಿ ಪದ್ಧತಿಯ ಮಗು ಕಾರ್ಡು ಮುಟ್ಟಿ, ಕಲ್ಲು ಎಣಿಸಿ, ಪಕ್ಕದವನನ್ನು ನೋಡಿ ಕಲಿಯುತ್ತದೆ. ಅದಕ್ಕೆ ಮೊಬೈಲಿನಲ್ಲಿ ಅಕ್ಷರ ತೋರಿಸಿದರೆ ಎರಡನೆಯ ನಿಮಿಷಕ್ಕೆ ಕಾರ್ಟೂನ್ ಹುಡುಕಿರುತ್ತದೆ.

ಅರ್ಧ ಇಲ್ಲಿ, ಅರ್ಧ ಅಲ್ಲಿ

ಹೈಬ್ರಿಡ್ ಎಂಬ ಶಬ್ದ ನಮ್ಮ ರೈತರಿಗೆ ಜೋಳದಿಂದ, ಹತ್ತಿಯಿಂದ ಗೊತ್ತು. ಶಾಲೆಯಲ್ಲಿ ಅದಕ್ಕೆ ಎರಡು ಅರ್ಥ ಇವೆ, ಎರಡನ್ನೂ ಒಂದೇ ಮಾಡಿ ಮಾತಾಡುವುದರಿಂದಲೇ ಗೊಂದಲ.

ಒಂದು, ಒಂದೇ ಹೊತ್ತಿಗೆ ಅರ್ಧ ಮಕ್ಕಳು ಕೋಣೆಯಲ್ಲಿ, ಅರ್ಧ ಮಕ್ಕಳು ಮೊಬೈಲಿನಲ್ಲಿ. ಇದನ್ನು ನಾನು ಹದಿನೈದು ದಿನ ಮಾಡಿದೆ. ಹಲಗೆಯ ಕಡೆ ತಿರುಗಿದರೆ ಮೊಬೈಲಿನವರಿಗೆ ದನಿ ಕೇಳುವುದಿಲ್ಲ, ಮೊಬೈಲಿನ ಕಡೆ ಬಾಗಿದರೆ ಹಿಂದಿನ ಬೆಂಚಿನವರು ಜಾತ್ರೆ ಶುರು ಮಾಡುತ್ತಾರೆ. ಮೇಕೆಯನ್ನೂ ಹಿಡಿಯಬೇಕು, ಹುಲ್ಲಿನ ಹೊರೆಯನ್ನೂ ಹೊರಬೇಕು ಎಂಬಂಥ ಪಾಡು. ಬೇರೆ ಮೈಕು, ನಿಂತ ಕ್ಯಾಮೆರಾ, ಮೊಬೈಲಿನವರ ಪ್ರಶ್ನೆ ನೋಡಿಕೊಳ್ಳಲು ಇನ್ನೊಬ್ಬರು ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಈ ಬರಹದಲ್ಲಿರುವ ದಾರಿಗಳಲ್ಲೆಲ್ಲ ಬೇಡವೇ ಬೇಡ ಎಂದು ನಾನು ಹೇಳುವುದು ಇದೊಂದನ್ನೇ.

ಇನ್ನೊಂದು, ಪಾಳಿ. ಸೋಮ, ಬುಧ, ಶುಕ್ರ ಒಂದು ಗುಂಪು ಶಾಲೆಗೆ, ಉಳಿದ ಮೂರು ದಿನ ಇನ್ನೊಂದು ಗುಂಪು. ಶಾಲೆಗೆ ಬಂದ ದಿನ ಹೊಸ ಪಾಠ, ಮನೆಯಲ್ಲಿರುವ ದಿನ ಹಾಳೆ. ಶಿಕ್ಷಕರು ಒಂದೇ ಪಾಠವನ್ನು ಎರಡು ಸಲ ಹೇಳಬೇಕು, ಪಠ್ಯ ನಿಧಾನವಾಗುತ್ತದೆ. ಆದರೂ ಪಾಠ ಮಗುವಿಗೆ ಮುಟ್ಟುತ್ತದೆ. ಹೊಳೆಯಲ್ಲಿ ನಾಲ್ಕು ಕೋಣೆ ಕೆಟ್ಟು ಎರಡೇ ಉಳಿದಾಗ ನಾವು ಹಿಡಿದದ್ದು ಇದೇ ದಾರಿ. ಪಾಳಿ ಹಾಕುವಾಗ ಒಂದೇ ಮನೆಯ ಅಣ್ಣ, ತಂಗಿ ಒಂದೇ ದಿನ ಬರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ತಂಗಿಯನ್ನು ನೋಡಿಕೊಳ್ಳಲು ಅಣ್ಣ ಎರಡೂ ದಿನ ತಪ್ಪಿಸುತ್ತಾನೆ.

ಒಬ್ಬ ಮಾಸ್ತರು, ಎರಡು ಶಾಲೆ

ಶಾಲೆ ತೆರೆದೇ ಇದೆ, ಮಕ್ಕಳು ಬಂದಿದ್ದಾರೆ, ವಿಜ್ಞಾನದ ಶಿಕ್ಷಕರೇ ಇಲ್ಲ. ನನ್ನ ಪ್ರಕಾರ ದೂರದ ಪಾಠ ನಿಜವಾಗಿ ಬೇಕಾಗಿರುವುದು ಇಲ್ಲಿ. ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ, ಮೊಬೈಲಿನ ಹಂಗಿಲ್ಲ, ಪರದೆ ಒಂದೇ ಸಾಕು.

ಮೂರು ಆಯ್ಕೆಗಳಿವೆ. ಪಕ್ಕದ ಶಾಲೆಯ ಶಿಕ್ಷಕರನ್ನು ವಾರಕ್ಕೆ ಮೂರು ದಿನ ನಿಯೋಜನೆ ಮೇಲೆ ಕರೆಸುವುದು, ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವುದು, ಪಕ್ಕದ ಶಾಲೆಯ ಸ್ಮಾರ್ಟ್ ಕ್ಲಾಸಿನಿಂದ ಪಾಠ ಪಡೆಯುವುದು. ಎರಡು ಊರಿನ ನಡುವೆ ಬಸ್ಸು ಸರಿಯಾಗಿದ್ದರೆ ನಿಯೋಜನೆಯೇ ಮೇಲು, ಎದುರಿಗೆ ನಿಂತ ಮಾಸ್ತರಿಗೆ ಪರದೆ ಸಮನಲ್ಲ. ಅತಿಥಿ ಶಿಕ್ಷಕರು ಸಿಕ್ಕರೆ ವರ್ಷಪೂರ್ತಿಯ ನೆಮ್ಮದಿ, ಆದರೆ ಅವರು ಬರುವಷ್ಟರಲ್ಲಿ ವರ್ಷದ ಮೊದಲ ವಾರಗಳು ಕಳೆದಿರುತ್ತವೆ. ಆ ಖಾಲಿ ವಾರಗಳಿಗೆ ಪರದೆಯ ಪಾಠ ಸರಿಯಾಗಿ ಹೊಂದುತ್ತದೆ.

ಅದನ್ನು ಮಾಡುವುದಾದರೆ ಎರಡೂ ಶಾಲೆಯ ವೇಳಾಪಟ್ಟಿ ಮೊದಲು ಒಂದಾಗಬೇಕು. ಇಲ್ಲಿ ವಿಜ್ಞಾನ ಮೂರನೆಯ ಪಿರಿಯಡ್, ಅಲ್ಲಿ ಐದನೆಯದು ಎಂದರೆ ನಡೆಯದು. ಎರಡೂ ಕಡೆ ಫೈಬರ್ ಸಂಪರ್ಕ ಮತ್ತು ಯುಪಿಎಸ್ ಇರಬೇಕು. ಪರದೆಯ ಕೋಣೆಯಲ್ಲಿ ಒಬ್ಬ ಶಿಕ್ಷಕರು ಇರಲೇಬೇಕು, ಹಿಂದಿ ಮೇಷ್ಟ್ರಾದರೂ ಆಗುತ್ತದೆ. ಇಪ್ಪತ್ತು ನಿಮಿಷ ಪರದೆಯ ಪಾಠ, ಉಳಿದ ಇಪ್ಪತ್ತು ನಿಮಿಷ ಅವರ ಕಣ್ಣೆದುರು ಬರವಣಿಗೆ. ಪಾಠ ಮಾಡುವವರು ಹದಿನೈದು ದಿನಕ್ಕೊಮ್ಮೆಯಾದರೂ ಆ ಊರಿಗೆ ಹೋಗಿ ಮುಖ ತೋರಿಸಬೇಕು. ನಾನು ಪಕ್ಕದೂರಿಗೆ ಮೊದಲ ಸಲ ಹೋದ ದಿನ ಮಕ್ಕಳು 'ಸರ್, ನೀವು ಇಷ್ಟ ಎತ್ತರ ಅದೀರೇನ್ರೀ' ಎಂದು ನಕ್ಕರು. ಮರುದಿನದಿಂದ ಪರದೆಯಲ್ಲಿ ಪ್ರಶ್ನೆಗಳು ಬರತೊಡಗಿದವು.

ಹೊಳೆ, ರೋಗ, ಗುಳೆ

ಹೊಳೆಗೆ ಒಂದು ಗುಣವಿದೆ, ಹೇಳಿ ಬರುತ್ತದೆ. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿಯ ಕೃಷ್ಣಾ ತೀರದವರಿಗೆ, ಘಟಪ್ರಭೆಯ ಹಿಡಕಲ್ ಜಲಾಶಯ ತುಂಬಿತೆಂದರೆ ಗೋಕಾಕ, ಮುಧೋಳದವರಿಗೆ, ನವಿಲುತೀರ್ಥ ಜಲಾಶಯದಿಂದ ಬಿಟ್ಟರೆ ಬಾದಾಮಿ, ಹುನಗುಂದದ ಮಲಪ್ರಭಾ ದಂಡೆಯವರಿಗೆ ತುಸುವಾದರೂ ಹೊತ್ತು ಸಿಗುತ್ತದೆ. ಆ ಹೊತ್ತಿನಲ್ಲಿ ಹಾಳೆಗಳ ಕಟ್ಟು ಮಕ್ಕಳ ಚೀಲಕ್ಕೆ ಸೇರಲಿ, ದಾಖಲೆ, ನಲಿಕಲಿ ಕಾರ್ಡು, ಪ್ರೊಜೆಕ್ಟರ್ ಮೇಲಿನ ಅಟ್ಟಕ್ಕೆ ಏರಲಿ. ಹೊಳೆ ಬಂದ ಮೇಲೆ ಕರೆಂಟೂ ಇಲ್ಲ, ಟವರೂ ಇಲ್ಲ, ಆನ್‌ಲೈನ್ ಎಂಬುದು ಬರೀ ಮಾತು. ಕಾಳಜಿ ಕೇಂದ್ರದಲ್ಲಿ ಮಕ್ಕಳು ಒಟ್ಟಿಗೇ ಸಿಗುತ್ತಾರೆ, ಅಲ್ಲಿಯೇ ದಿನಕ್ಕೆ ಎರಡು ಗಂಟೆ ಕೂತು ಪಾಠ ಮಾಡಿ. ಘಟಪ್ರಭೆಯ ಯಾದವಾಡ ಸೇತುವೆ ಮುಳುಗಿದರೆ ಆಚೆ ದಂಡೆಯ ಶಿಕ್ಷಕರು ಈಚೆ ಬರಲಾಗದು. ಅವರು ಆಚೆಯ ಹತ್ತಿರದ ಶಾಲೆಯಲ್ಲೇ ಕೆಲಸ ಮಾಡಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಒಂದು ಸಾಲಿನ ಆದೇಶವನ್ನು ಜೂನಿನಲ್ಲೇ ಕೊಟ್ಟಿಟ್ಟರೆ ಎಷ್ಟೋ ಗೋಜಲು ತಪ್ಪುತ್ತದೆ.

ರೋಗಕ್ಕೆ ಶಾಲೆ ತಿಂಗಳುಗಟ್ಟಲೆ ಮುಚ್ಚುತ್ತದೆ. ಆಗ ಹಾಳೆ, ಕರೆ, ಹತ್ತು ನಿಮಿಷದ ರೆಕಾರ್ಡ್ ಪಾಠ, ದೊಡ್ಡ ತರಗತಿಗೆ ರಾತ್ರಿಯ ದನಿ ಪಾಠ ಇವು ಕೂಡಿ ನಡೆಯಬೇಕು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚುವ ದಿನವೇ ಹಾಳೆಯ ದಿನವೂ ಆಗಲಿ. ರೇಷನ್ ಒಯ್ಯಲು ಬರದ ಪಾಲಕರಿಲ್ಲ. ಶಾಲೆ ತೆರೆದ ಮೇಲೆ ಹಿಂದಿನ ವರ್ಷದ್ದನ್ನು ಕಲಿಸದೆ ಮುಂದಕ್ಕೆ ಓಡಬೇಡಿ. 2021ರ ಆಗಸ್ಟ್ 23ಕ್ಕೆ ಒಂಬತ್ತು, ಹತ್ತು ತೆರೆದವು, ಒಂದರಿಂದ ಐದು ತೆರೆಯಲು ಅಕ್ಟೋಬರ್ 25 ಆಯಿತು. 2022-23ರ 'ಕಲಿಕಾ ಚೇತರಿಕೆ' ವರ್ಷದಲ್ಲಿ ನಾವೆಲ್ಲ ಹಿಂದಿನ ತರಗತಿಗಳ ಗಂಟು ಬಿಚ್ಚುತ್ತ ಕೂತೆವು. ಮುಂದಿನ ಸಲದ ಯೋಜನೆಯಲ್ಲಿ ಆ ತಿಂಗಳುಗಳನ್ನು ಮೊದಲೇ ಎಣಿಸಿಟ್ಟುಕೊಳ್ಳಿ.

ಗುಳೆ ಎಲ್ಲಕ್ಕಿಂತ ಕಠಿಣ. ದೀಪಾವಳಿ ಮುಗಿದು ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಗ್ಯಾಂಗಿನ ಜೊತೆ ಮಕ್ಕಳೂ ಹೊರಡುತ್ತಾರೆ. ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ ಗೋವಾ, ಮಹಾರಾಷ್ಟ್ರ, ಮಂಗಳೂರು ಕಡೆ ಹೋಗುವವರು ಬೇರೆ. ಇಲ್ಲಿ ಶಾಲೆ ತೆರೆದೇ ಇರುತ್ತದೆ, ಮಗು ಊರಲ್ಲಿರುವುದಿಲ್ಲ. ಮೊಬೈಲಿನಲ್ಲಿ ಪಾಠ ಕಳಿಸಿದರಾಯಿತು ಎಂದು ಸಭೆಗಳಲ್ಲಿ ಸುಲಭವಾಗಿ ಹೇಳುತ್ತಾರೆ. ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಹನ್ನೆರಡು ವರ್ಷದ ಹುಡುಗಿ ರಾತ್ರಿ ಎಂಟಕ್ಕೆ ರೊಟ್ಟಿ ತಟ್ಟುತ್ತಿರುತ್ತಾಳೆ, ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡಿರುತ್ತಾಳೆ. ಆ ಮಗುವಿಗೆ ದೂರದ ಪಾಠ ಪರಿಹಾರವಲ್ಲ. ಋತುಮಾನದ ವಸತಿ ವ್ಯವಸ್ಥೆ, ಇಲ್ಲವೇ ಅಜ್ಜಿಯ ಹತ್ತಿರ ಬಿಟ್ಟುಹೋಗುವಂತೆ ಅಕ್ಟೋಬರಿನಲ್ಲೇ ಮನೆಗೆ ಹೋಗಿ ಕೇಳಿಕೊಳ್ಳುವುದು, ಅದೂ ಆಗದಿದ್ದರೆ ಕೆಲಸದ ಊರಿನ ಹತ್ತಿರದ ಶಾಲೆಯಲ್ಲಿ ಕೂಡಿಸಲು ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡುವುದು, ಈ ಕ್ರಮದಲ್ಲೇ ನೋಡಿ. ವಾರದ ಒಂದು ಕರೆ ಪಾಠಕ್ಕಲ್ಲ, ಮಗು ಯುಗಾದಿಯ ಹೊತ್ತಿಗೆ ಮತ್ತೆ ಶಾಲೆಗೆ ಬರಲಿ ಎಂದು. "ನಿನ್ನ ಹೆಸರ ಇನ್ನೂ ಹಾಜರಿಯೊಳಗ ಐತಿ ನೋಡವಾ" ಎಂದು ಹೇಳಲು ಒಂದು ನಿಮಿಷ ಸಾಕು.

ಯೋಜನೆ ಯಾರ ಮೇಜಿನ ಮೇಲೆ?

ಬೆಳಗಾವಿ ಕಂದಾಯ ಜಿಲ್ಲೆ ಒಂದಾದರೂ ಶೈಕ್ಷಣಿಕ ಜಿಲ್ಲೆ ಎರಡು, ಬೆಳಗಾವಿ ಮತ್ತು ಚಿಕ್ಕೋಡಿ. ಖಾನಾಪುರದ ಕಾಡಂಚಿನ ಊರಿಗೂ ಅಥಣಿಯ ಬಯಲಿಗೂ ಒಂದೇ ಸುತ್ತೋಲೆ ಹೊಂದದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಉಪನಿರ್ದೇಶಕರ ಕಚೇರಿ ಹಣ, ಮುದ್ರಣ, ಆದೇಶ ನೋಡಿಕೊಳ್ಳಲಿ, ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹಾಳೆಗಳ ಮಾದರಿ ಮಾಡಿಕೊಡಲಿ. ದಾರಿಯ ಆಯ್ಕೆಯನ್ನು ಕ್ಲಸ್ಟರಿಗೆ ಬಿಡಬೇಕು. ಹತ್ತು ಹನ್ನೆರಡು ಶಾಲೆಯ ಮುಖ್ಯೋಪಾಧ್ಯಾಯರು ಜೂನಿನ ಮೊದಲ ಸಭೆಯಲ್ಲಿ ಕೂತು, ಯಾವ ಊರಿಗೆ ಹೊಳೆ ಬರುತ್ತದೆ, ಯಾವ ತಾಂಡಾ ಖಾಲಿಯಾಗುತ್ತದೆ, ಎಲ್ಲಿ ಟವರ್ ಸಿಗದು ಎಂದು ಒಂದು ಪುಟದಲ್ಲಿ ಬರೆದರೆ ಅದೇ ಯೋಜನೆ. ಎರಡನೆಯ ಪುಟ ಬೇಕಾಗುವುದಿಲ್ಲ.

ಆ ಪುಟದ ಜೊತೆ ಒಂದು ವಹಿ ಇರಲಿ: ಪ್ರತಿ ಮಗುವಿನ ಹೆಸರು, ಮೊಬೈಲು ಯಾರದು, ಮನೆಯಲ್ಲಿರುವ ಹೊತ್ತು, ಪಕ್ಕದ ಮನೆಯ ಇನ್ನೊಂದು ನಂಬರು. ಮಕ್ಕಳ ದಾಖಲೆಯ ಸರ್ಕಾರಿ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ನಂಬರು ಇರುತ್ತದೆ ನಿಜ, ಅದರಲ್ಲಿ ಎಷ್ಟೋ ನಂಬರು ದಾಖಲಾತಿಯ ವರ್ಷದ್ದು, ಈಗ ಹಚ್ಚಿದರೆ ಯಾರೋ ಎತ್ತುತ್ತಾರೆ. ವರ್ಷಕ್ಕೆರಡು ಸಲ, ಜೂನಿನಲ್ಲಿ ಮತ್ತು ದಸರೆಯ ನಂತರ, ತಿದ್ದಿಸಿ. ವಹಿಯ ಎರಡು ಪ್ರತಿ ಇರಲಿ. 2019ರಲ್ಲಿ ನಮ್ಮ ಮಕ್ಕಳ ನಂಬರುಗಳೆಲ್ಲ ಆಫೀಸಿನ ಕಪಾಟಿನ ಕೆಳಗಿನ ಖಾನೆಯಲ್ಲಿದ್ದವು, ನೀರು ಇಳಿದ ಮೇಲೆ ಬಿಡಿಸಿದರೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ಈಗ ಎರಡನೆಯ ಪ್ರತಿ ಬಿಸಿಯೂಟ ಮಾಡುವ ಅವ್ವನ ಮನೆಯಲ್ಲಿದೆ. ಊರಲ್ಲಿ ಆಕೆಯ ಮನೆಯೇ ಎತ್ತರದ ದಿಬ್ಬದ ಮೇಲಿರುವುದು.